ಏಳನೇ ಹಾಸಿಗೆಯ ಗಂಟೆ: ಎರಡು ದಿನದ ನೆರೆಯವನು

“ಇನ್ನೂರು ಅಂತ ಬರೆದದ್ದು ನೀವೇ ತಾನೆ?”

ತಂತಿಯಮ್ಮ ಬಾಗಿಲು ಮುಚ್ಚಿಕೊಂಡು ಕೇಳಿದಳು. ಮೊಣಕಾಲ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದ ಹೊಸ ಎಂಜಿನಿಯರ್ ‘ಕೋಟು’ ತಲೆ ಎತ್ತಲಿಲ್ಲ. ಚಮಚದಿಂದ ಅನ್ನವನ್ನು ಡಬ್ಬಿಯ ಈ ಮೂಲೆಯಿಂದ ಆ ಮೂಲೆಗೆ ತಳ್ಳಿದ, ಮತ್ತೆ ಆ ಮೂಲೆಯಿಂದ ಈ ಮೂಲೆಗೆ ತಂದ.

ಶುಕ್ರವಾರ ಮಧ್ಯಾಹ್ನ ಮೂರೂ ಹತ್ತು. ಬುಧವಾರ ಏಳನೇ ಹಾಸಿಗೆಯ ಮೇಷ್ಟ್ರ ಎದೆಬಡಿತ ತಪ್ಪಿದಾಗ ಹೊಡೆದ ಗಂಟೆಗೆ ಸಿಸ್ಟರ್ ಮೇಜಿನಿಂದ ಹನ್ನೊಂದು ನಿಮಿಷ ಯಾರೂ ಬಂದಿರಲಿಲ್ಲ. ಮೇಷ್ಟ್ರು ಬದುಕಿದ್ದರೂ ಹೆಂಡತಿಯ ಗುರುತು ಹಿಡಿಯುತ್ತಿರಲಿಲ್ಲ. ಇವತ್ತು ಐದು ಗಂಟೆಗೆ ಆ ಮೇಜಿನಲ್ಲಿದ್ದ ಸಿಸ್ಟರ್ ವಿಚಾರಣೆ. ಗಂಟೆ ಹೊಡೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಅವರ ಮೇಲಿನ ಆರೋಪ. ಸಾಬೀತಾದರೆ ಇಪ್ಪತ್ತೆರಡು ವರ್ಷದ ಕೆಲಸ ಹೋಗುತ್ತದೆ, ಅದರ ಹಿಂದೆಯೇ ವಸತಿಗೃಹದ ಮನೆಯೂ ಹೋಗುತ್ತದೆ.

ಪ್ರಯೋಗಾಲಯದ ಕಟ್ಟಡದಲ್ಲಿದ್ದ ಯಂತ್ರದ ಕೋಣೆಗೆ ಕಿಟಕಿ ಇರಲಿಲ್ಲ. ಫ್ಯಾನುಗಳ ಗುಂಯ್‌ಗುಡುವ ಸದ್ದು, ಹಸಿರು ದೀಪಗಳು, ಮೈ ಕೊರೆಯುವ ಚಳಿ. ಈ ಚಳಿಗೆ ಹೆದರಿ ಮೊದಲ ದಿನ ಕೋಟು ಹಾಕಿಕೊಂಡು ಬಂದ ಹೊಸ ಎಂಜಿನಿಯರ್ ಆಮೇಲೆ ಹೊರಗಿನ ಬಿಸಿಲಿಗೂ ಅದನ್ನು ಬಿಚ್ಚಿರಲಿಲ್ಲ. ಹಾಗಾಗಿ ಅವನಿಗೆ ಆ ಹೆಸರು. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಗೋಡೆಗಳೊಳಗೆ ತಂತಿ ಎಳೆಯುತ್ತ ಬಂದವಳಿಗೆ ತಂತಿಯಮ್ಮ ಎಂದು ಹೆಸರು ಬಿದ್ದಂತೆ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಅವಳು ಒಂದು ಕಾಗದವನ್ನು ಅವನ ಮುಂದೆ ಹರಡಿ, ಎಡಗೈಯಲ್ಲಿ ಪೆನ್ನು ಹಿಡಿದು ಎರಡು ಅಂಕಿಗಳ ಸುತ್ತ ಗೆರೆ ಎಳೆದಳು.

“ಬುಧವಾರ ಒಂದೂ ಐವತ್ತೆರಡು. ಹೊಸ ಕಟ್ಟಡದ ರೂಟರ್. ನೇರ ದಾರಿಗೆ ಹತ್ತು ಅಂತ ಇತ್ತು, ಇನ್ನೂರು ಆಗಿದೆ. ಛಾವಣಿ ದಾರಿಗೆ ನೂರು ಅಂತ ಇತ್ತು, ಐವತ್ತಾಗಿದೆ.”

ಆಸ್ಪತ್ರೆಗೆ ಮೂರು ಕಟ್ಟಡ. ರೋಗಿಗಳು ಮಲಗುವುದು ಹೊಸ ಕಟ್ಟಡದಲ್ಲಿ, ಅವರ ಗಂಟೆಗಳು ಬಂದು ಸೇರುವ ಸಿಸ್ಟರ್ ಮೇಜು ಇರುವುದು ಹಳೇ ಕಟ್ಟಡದಲ್ಲಿ. ಒಂದರಿಂದ ಒಂದಕ್ಕೆ ನೆಲದಡಿಯಲ್ಲಿ ನೇರವಾಗಿ ಒಂದು ತಂತಿಯಿದೆ. ಅದು ಕೈಕೊಟ್ಟರೆ ಇರಲಿ ಎಂದು ಪ್ರಯೋಗಾಲಯದ ಛಾವಣಿಯ ಮೇಲೆ ಹಳೆಯದೊಂದು ಆಂಟೆನಾ ಇದೆ. ಸಂದೇಶ ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವುದು ಪ್ರತಿ ಕಟ್ಟಡದಲ್ಲೂ ಕೂತಿರುವ ರೂಟರ್.

“ಎಲ್ಲರೂ ಒಂದೇ ಲಾಗಿನ್ನಲ್ಲಿ ಒಳಗೆ ಹೋಗ್ತೀವಲ್ಲ ಮೇಡಂ. ನಾನೇ ಅಂತ ಹೇಗೆ ಹೇಳ್ತೀರಿ?” ಕೋಟು ಕೇಳಿದ.

“ನೀವೇ ಪಕ್ಕದಲ್ಲಿ ಬರೆದಿಟ್ಟಿದ್ದೀರಲ್ಲ. ಇನ್ನೂರರ ಪಕ್ಕ ‘ಮೊದಲ ಆಯ್ಕೆ’. ಐವತ್ತರ ಪಕ್ಕ ‘ಎರಡನೇ ಆಯ್ಕೆ’.”

“ಅದಕ್ಕೆ?”

“ಕೆಡಿಸೋಕೆ ಬಂದವನು ‘ಮೊದಲ ಆಯ್ಕೆ’ ಅಂತ ಚೀಟಿ ಅಂಟಿಸಿ ಹೋಗಲ್ಲ. ಒಳ್ಳೇದು ಮಾಡೋಕೆ ಹೋಗಿ ತಲೆಕೆಳಗು ಮಾಡಿದವನು ಅಂಟಿಸ್ತಾನೆ. ನೀವು ಬಂದದ್ದು ಟೆಲಿಫೋನ್ ಕಂಪನಿಯಿಂದ. ಊರಿಂದೂರಿಗೆ ಹೋಗೋ ದೊಡ್ಡ ಲೈನುಗಳನ್ನ ನೋಡ್ಕೊಳ್ತಿದ್ರಿ. ಅಲ್ಲಿ ದಾರಿಗೆ ಪರೀಕ್ಷೆಯ ಥರ ಅಂಕ ಕೊಡ್ತಾರೆ. ಜಾಸ್ತಿ ಅಂಕ ಬಂದದ್ದು ಗೆಲ್ಲುತ್ತೆ.”

ಕೋಟು ಚಮಚ ಕೆಳಗಿಟ್ಟ.

“ಇಲ್ಲಿರೋದು ಓಎಸ್‌ಪಿಎಫ್. ಅದರ ದಾರಿ ಲೆಕ್ಕವೇ ಬೇರೆ. ಇಲ್ಲಿ ಬರೆಯೋದು ಅಂಕ ಅಲ್ಲ, ಹೊರೆ. ಕಡಿಮೆ ಹೊರೆ ಇರೋ ದಾರಿಗೇ ಮರ್ಯಾದೆ. ಈ ತಪ್ಪು ನಮ್ಮ ಮ್ಯಾನೇಜರ್ ಮಾಡೋಕಾಗಲ್ಲ, ನಾನು ಮಾಡೋಕಾಗಲ್ಲ. ಬೇರೆ ಕಡೆ ಚೆನ್ನಾಗಿ ಕೆಲಸ ಕಲಿತವರು ಮಾತ್ರ ಮಾಡೋಕಾಗುತ್ತೆ.”

ಎರಡು ದಿನ ನಿದ್ದೆಗೆಟ್ಟು ಹಿಡಿದ ಸುಳಿವು ಅದು. ಹೇಳಿ ಮುಗಿಸಿದಾಗ ಅವಳಿಗೆ ತನ್ನ ಮೇಲೆಯೇ ಸ್ವಲ್ಪ ಮೆಚ್ಚುಗೆ ಮೂಡಿತ್ತು ಎಂದರೆ ಸುಳ್ಳಲ್ಲ.

ಕೋಟು ಡಬ್ಬಿಯ ಮುಚ್ಚಳ ಹಾಕಿದ. ಅದು ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೊಮ್ಮೆ ಹಾಕಿದ.

“ಹೌದು. ನಾನೇ.”

“ಒಂದು ಮಾತು ಕೇಳಬಾರದಿತ್ತಾ?”

“ಕೇಳೋಕೆ ಯಾರಿದ್ರು ಮೇಡಂ?”

ಅವನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಅವಳಿಗೆ ಚುರುಕ್ಕೆಂದಿತು.

“ನಾನು ಬಂದು ನಲವತ್ತು ದಿನ ಆಯ್ತು. ಮ್ಯಾನೇಜರ್ ವಾರಕ್ಕೊಂದು ಸಲ ಬಾಗಿಲಲ್ಲಿ ಮುಖ ತೋರಿಸಿ ಹೋಗ್ತಾರೆ. ನೀವು ಬೆಳಿಗ್ಗೆ ಬಂದಾಗ ತಲೆ ಆಡಿಸ್ತೀರಿ, ಸಂಜೆ ಹೋಗುವಾಗ ತಲೆ ಆಡಿಸ್ತೀರಿ. ನೀವು ನನ್ನ ಹತ್ರ ಬಾಯಿಬಿಟ್ಟು ಆಡಿದ ಮೊದಲ ಮಾತು ಈಗ ಆಡಿದ್ದು. ‘ಇನ್ನೂರು ಅಂತ ಬರೆದದ್ದು ನೀವೇ ತಾನೆ’ ಅಂತ.”

ತಂತಿಯಮ್ಮನ ಮೇಜು ಅವನ ಮೇಜಿನಿಂದ ಎರಡು ಮೇಜಿನಾಚೆ ಇತ್ತು. ಅವನಿಗೆ ಜಂಬ ಎಂದುಕೊಂಡಿದ್ದಳು. ಮಧ್ಯಾಹ್ನವಾದರೆ ತನ್ನ ಡಬ್ಬಿ ಹಿಡಿದು ಪ್ರಯೋಗಾಲಯದ ಛಾವಣಿ ಹತ್ತುತ್ತಿದ್ದಳು. ಆಂಟೆನಾದ ನೆರಳಲ್ಲಿ ಕೂತು ಒಬ್ಬಳೇ ಉಣ್ಣುವುದು ಎಷ್ಟೋ ವರ್ಷದ ರೂಢಿ. ಅದೇ ಹೊತ್ತಿಗೆ ಅವಳ ಕಾಲಡಿಯಲ್ಲಿ ಇನ್ನೊಬ್ಬನು ಕಿಟಕಿಯಿಲ್ಲದ ಕೋಣೆಯಲ್ಲಿ ಕೋಟು ಹಾಕಿಕೊಂಡು ಒಬ್ಬನೇ ಉಣ್ಣುತ್ತಿದ್ದ.

ಒಬ್ಬರೇ ಇರುವವರು ಇನ್ನೊಬ್ಬರನ್ನು ಬೇಗ ಗುರುತಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ನಲವತ್ತು ದಿನ ಹಿಡಿದಿತ್ತು, ಅದೂ ತಪ್ಪು ಹುಡುಕಿಕೊಂಡು ಬಂದಾಗ.

“ತಪ್ಪು ನನ್ನದೂ ಇದೆ,” ಎಂದಳು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

ಅವಳಿಗೆ ಈ ಕೇಸಿನ ಮೇಲೆ ಇಷ್ಟು ಹಟ ಯಾಕೆಂದು ಮ್ಯಾನೇಜರ್ ನಿನ್ನೆ ನಗುತ್ತ ಕೇಳಿದ್ದರು. ಅವಳು ಏನೋ ಹೇಳಿ ಹಾರಿಸಿದ್ದಳು. ನಿಜ ಹೇಳಲು ನಾಚಿಕೆಯಾಗಿತ್ತು.

ಸಿಸ್ಟರ್ ಮನೆ ಇದ್ದದ್ದು ವಸತಿಗೃಹದಲ್ಲಿ ಅವಳ ಎದುರು ಬಾಗಿಲಿಗೆ. ರಾತ್ರಿ ಪಾಳಿ ಇರಲಿ, ಹಗಲು ಪಾಳಿ ಇರಲಿ, ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಅವಳ ಬಾಗಿಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಇವಳು ಒಳಗಿನಿಂದ ಎರಡು ಸಲ ತಟ್ಟುತ್ತಿದ್ದಳು. ಇದ್ದೀರಾ, ಇದ್ದೀನಿ. ಅಷ್ಟೇ. ಆರು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ.

ಅವಳಿಗೆ ತಮ್ಮನೊಬ್ಬನಿದ್ದಾನೆ. ತಿಂಗಳಿಗೊಮ್ಮೆ ಫೋನ್ ಮಾಡಿ “ಅಕ್ಕಾ, ಆರಾಮಾ?” ಎಂದು ಕೇಳಿ, ಇವಳು ಬಾಯಿ ತೆರೆಯುವ ಮುಂಚೆ “ಸರಿ, ಇಡ್ಲಾ?” ಎನ್ನುತ್ತಾನೆ. ಗಂಡ ಬಿಟ್ಟುಹೋಗಿ ಹನ್ನೆರಡು ವರ್ಷವಾಯಿತು. ಒಂದು ಬೆಳಿಗ್ಗೆ ಅವಳು ಏಳದೇ ಹೋದರೆ ಅದು ಅವತ್ತೇ ಗೊತ್ತಾಗುವುದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ.

ರೂಟರುಗಳೂ ಹಾಗೆಯೇ ಬದುಕುವುದು. ಹತ್ತು ಸೆಕೆಂಡಿಗೊಮ್ಮೆ ನೆರೆಯವನಿಗೆ ಹಲೋ ಹೇಳುತ್ತವೆ. ನಲವತ್ತು ಸೆಕೆಂಡು ಆ ಕಡೆಯಿಂದ ಹಲೋ ಬಾರದಿದ್ದರೆ ಅವನು ಸತ್ತನೆಂದು ಪಟ್ಟಿಯಿಂದ ತೆಗೆದುಹಾಕಿ ಬೇರೆ ದಾರಿ ನೋಡಿಕೊಳ್ಳುತ್ತವೆ. ಈ ಕೆಲಸ ಕಲಿಯುವಾಗ ಇದನ್ನು ಕೇಳಿ ಅವಳು ನಕ್ಕಿದ್ದಳು. ಈಗ ನಗು ಬರುತ್ತಿರಲಿಲ್ಲ.

“ಐದು ಗಂಟೆಗೆ ಬಂದು ಹೇಳ್ತೀರಾ?” ಎಂದು ಕೋಟುವನ್ನು ಕೇಳಿದಳು. “ನೇರ ದಾರಿ ಬಿಟ್ಟು ಗಂಟೆ ಛಾವಣಿ ಮೇಲೆ ಹೋಯ್ತು. ಆ ಹಳೇ ಆಂಟೆನಾಗೆ ಹಲೋ ಹೇಳೋಕೆ ಉಸಿರಿತ್ತು, ಇಡೀ ಕಟ್ಟಡದ ಹೊರೆ ಹೊರೋಕೆ ಇರಲಿಲ್ಲ. ಎಕ್ಸ್‌ರೇ ಚಿತ್ರಗಳ ಸಾಲಿನ ಹಿಂದೆ ಗಂಟೆ ಹನ್ನೊಂದು ನಿಮಿಷ ಕಾದು ನಿಂತಿತ್ತು. ಇಷ್ಟು ಹೇಳಿದ್ರೆ ಸಾಕು. ಸಿಸ್ಟರ್ ಕಿವಿಗೆ ಅದು ಬೀಳಲೇ ಇಲ್ಲ ಅಂತಾಗುತ್ತೆ.”

“ಬರ್ತೀನಿ.”

“ನಿಮ್ಮ ಕೆಲಸ ಹೋಗಬಹುದು.”

“ಗೊತ್ತು ಮೇಡಂ. ಮೇಷ್ಟ್ರ ಹೆಂಡತಿ ಕಾರಿಡಾರಲ್ಲಿ ಕೂತಿರ್ತಾರಲ್ಲ. ಎರಡು ದಿನದಿಂದ ನಾನು ಆ ದಾರೀಲಿ ಹೋಗೋಕಾಗದೆ ಹಿಂದಿನ ಮೆಟ್ಟಿಲು ಹತ್ತಿ ಬರ್ತಿದ್ದೀನಿ.”

ಕೆಲಸ ಮುಗಿಯಿತು ಎಂದು ಅವಳಿಗೆ ಅನ್ನಿಸಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಎದ್ದು ನಿಂತಳು.

“ಆದ್ರೆ ಮೇಡಂ,” ಕೋಟು ಹೇಳಿದ, “ನಾನು ಯಾಕೆ ಅದಕ್ಕೆ ಕೈ ಹಾಕಿದೆ ಅಂತ ನೀವು ಕೇಳಲೇ ಇಲ್ಲ.”

ಅವಳು ಮತ್ತೆ ಕೂತಳು.

“ಒಂದೂವರೆಗೆ ನೋಡ್ತೀನಿ, ಎಲ್ಲ ಅಷ್ಟೊತ್ತಿಗಾಗಲೇ ಛಾವಣಿ ಮೇಲೆ ಹೋಗ್ತಿತ್ತು. ನೇರ ದಾರೀಲಿ ಒಂದು ನರಪಿಳ್ಳೆ ಇಲ್ಲ. ಹತ್ತು ಅಂತ ಇರೋದು ನೋಡಿ, ಓ, ಅಂಕ ಕಡಿಮೆ ಇದೆ, ಅದಕ್ಕೇ ಹೀಗೆ ಅಂದ್ಕೊಂಡು ಇನ್ನೂರು ಹಾಕಿದೆ. ಹಾಕಿದ ಮೇಲೂ ಏನೂ ಬದಲಾಗಲಿಲ್ಲ.”

“ಸಾಧ್ಯವಿಲ್ಲ. ನೇರ ದಾರಿ ಕೆಟ್ಟಿರಲಿಲ್ಲ. ನಾನು ನಿನ್ನೆ ಅಂಕಿ ಸರಿ ಮಾಡಿದ ತಕ್ಷಣ ಓಡ್ತು.”

“ನೇಬರ್ ಲಿಸ್ಟ್ ನೋಡಿದ್ರಾ?”

“ನೋಡಿದೆ. ಇಬ್ಬರೂ ಇದ್ದಾರೆ.”

“ಇದ್ದಾರೆ. ಎಷ್ಟು ದಿನದಿಂದ ಇದ್ದಾರೆ?”

ಅವನ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು. ಹೊಸ ಕಟ್ಟಡದ ರೂಟರಿನ ನೆರೆಯವರ ಪಟ್ಟಿ ಪರದೆಯ ಮೇಲೆ ಬಂತು. ಪ್ರತಿ ನೆರೆಯವನ ಮುಂದೆ, ಅವನ ಪರಿಚಯವಾಗಿ ಎಷ್ಟು ಕಾಲವಾಯಿತೆಂಬ ಲೆಕ್ಕ.

ಛಾವಣಿ ದಾರಿಯ ನೆರೆಯವನು: ಇನ್ನೂರ ಹನ್ನೊಂದು ದಿನ.

ನೇರ ದಾರಿಯ ನೆರೆಯವನು: ಎರಡು ದಿನ, ನಲವತ್ತನಾಲ್ಕು ನಿಮಿಷ.

ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತೈದು. ಅವಳು ಬೆರಳು ಮಡಚಿ ಹಿಂದಕ್ಕೆ ಎಣಿಸಿದಳು. ಬುಧವಾರ, ಎರಡೂ ನಲವತ್ತೊಂದು. ಅದಕ್ಕೂ ಮುಂಚೆ ಆ ನೆರೆಯವನು ಇರಲಿಲ್ಲ. ಗಂಟೆ ಹೊಡೆದದ್ದು ಎರಡೂ ಹತ್ತಕ್ಕೆ. ಅಂದರೆ ಗಂಟೆ ಛಾವಣಿ ದಾರಿ ಹಿಡಿದದ್ದು ಕೋಟುವಿನ ಇನ್ನೂರರಿಂದಲ್ಲ.

ಮೊದಲು ಸಿಕ್ಕ ತಪ್ಪನ್ನೇ ಹಿಡಿದು ಬೀಗಿದ್ದಳು, ಪಕ್ಕದ ಸಾಲನ್ನು ಓದಿರಲಿಲ್ಲ. ಹತ್ತೊಂಬತ್ತು ವರ್ಷದ ಅನುಭವಕ್ಕೆ ಅವಳು ಮನಸ್ಸಿನಲ್ಲೇ ಒಂದು ಬೈಗುಳ ಕೊಟ್ಟಳು.

“ಆ ಕಡೆಯ ರೂಟರ್ ಏನು ಬರೆದುಕೊಂಡಿದೆ ನೋಡೋಣ,” ಎಂದಳು.

ಹಳೇ ಕಟ್ಟಡದ ರೂಟರಿನ ದಿನಚರಿಯಲ್ಲಿ ಬುಧವಾರಕ್ಕೆ ಇದ್ದದ್ದು ಎರಡೇ ಬದಲಾವಣೆ. ಹನ್ನೆರಡೂ ನಲವತ್ತಕ್ಕೆ ನೇರ ದಾರಿಯ ಹಲೋ ಹತ್ತು ಸೆಕೆಂಡಿನಿಂದ ಮೂವತ್ತಕ್ಕೆ. ಎರಡೂ ನಲವತ್ತಕ್ಕೆ ಮೂವತ್ತರಿಂದ ಮತ್ತೆ ಹತ್ತಕ್ಕೆ.

ಹಲೋ ಹೇಳುವ ಅಂತರ ಎರಡೂ ಕಡೆ ಒಂದೇ ಇರಬೇಕು. ಒಬ್ಬ ಹತ್ತಕ್ಕೊಮ್ಮೆ, ಇನ್ನೊಬ್ಬ ಮೂವತ್ತಕ್ಕೊಮ್ಮೆ ಎಂದರೆ ಅವರು ಪರಸ್ಪರ ಮುಖ ನೋಡುವುದಿಲ್ಲ. ತಂತಿ ಗಟ್ಟಿಯಾಗಿರುತ್ತದೆ, ದೀಪ ಹಸಿರಾಗಿರುತ್ತದೆ, ನೆರೆತನ ಮಾತ್ರ ಮುರಿದಿರುತ್ತದೆ. ಯಾರಿಗೂ ಕಾಣದ ಹಾಗೆ ಒಂದು ದಾರಿ ಮುಚ್ಚಬೇಕೆಂದರೆ ಇದಕ್ಕಿಂತ ಸುಲಭದ ಉಪಾಯವಿಲ್ಲ.

“ಇದು ಗೊತ್ತಿಲ್ಲದೆ ಮಾಡಿದ್ದಲ್ಲ,” ಕೋಟು ಮೆಲ್ಲಗೆ ಹೇಳಿದ. “ಮುಚ್ಚಿದ್ದಾರೆ. ಎರಡು ಗಂಟೆ ಬಿಟ್ಟು ತೆರೆದಿದ್ದಾರೆ.”

“ಎಲ್ಲಿಂದ ಮಾಡಿದ್ದಾರೆ ನೋಡಿ.”

ಅವನು ಸಾಲಿನ ಕೊನೆಗೆ ಬೆರಳಿಟ್ಟ. ಎರಡು ಸಲವೂ ಕನ್ಸೋಲ್. ಅಂದರೆ ದೂರದಿಂದಲ್ಲ, ಆ ರೂಟರಿನ ಮುಂದೆಯೇ ನಿಂತು, ಅದಕ್ಕೇ ತಂತಿ ಚುಚ್ಚಿ ಮಾಡಿದ್ದು.

ಆ ರೂಟರ್ ಇರುವುದು ಸಿಸ್ಟರ್ ಕೂರುವ ಕುರ್ಚಿಯ ಹಿಂದಿನ ಗೋಡೆ ಬೀರುವಿನಲ್ಲಿ. ಅದಕ್ಕೆ ಬೀಗ. ಬೀಗದ ಕೈ ಇರುವುದು ಅದೇ ಮೇಜಿನ ಡ್ರಾಯರಿನಲ್ಲಿ, ತೆಗೆದುಕೊಂಡವರ ಹೆಸರು ಬರೆಯುವ ಪುಸ್ತಕದ ಜೊತೆ.

“ನೀವು ನಿಮ್ಮ ಹೇಳಿಕೆ ಬರೆದಿಡಿ,” ಎಂದು ಅವಳು ಹೊರಟಳು. ಬಾಗಿಲ ಹತ್ತಿರ ನಿಂತು ತಿರುಗಿದಳು. “ನಾಳೆ ಮಧ್ಯಾಹ್ನ ಡಬ್ಬಿ ತಗೊಂಡು ಛಾವಣಿಗೆ ಬನ್ನಿ. ಅಲ್ಲಿ ಗಾಳಿ ಚೆನ್ನಾಗಿರುತ್ತೆ.”

“ಕೋಟು?”

“ಅದನ್ನ ಇಲ್ಲೇ ಬಿಟ್ಟು ಬನ್ನಿ.”

ಹಳೇ ಕಟ್ಟಡದ ಮೇಜಿನಲ್ಲಿ ಬದಲಿಗೆ ಬಂದಿದ್ದ ನರ್ಸ್ ಯಾವುದೋ ಚಾರ್ಟು ತುಂಬುತ್ತಿದ್ದಳು. ತಂತಿಯಮ್ಮ ಕೇಳಿದ ಕೂಡಲೇ, ತಲೆ ಎತ್ತದೆ ಬೀಗದ ಕೈ ಕೊಟ್ಟಳು.

ಬೀರುವಿನ ಒಳಗೆ ದೂಳು. ರೂಟರಿನ ಬೆನ್ನ ಮೇಲೆ ದೂಳು, ತಳದ ಹಲಗೆಯ ಮೇಲೆ ದೂಳು. ಆ ರೂಟರನ್ನು ಕೂರಿಸಿದವಳು ಅವಳೇ, ಇನ್ನೂರ ಹನ್ನೊಂದು ದಿನದ ಹಿಂದೆ. ಆಮೇಲೆ ಅವಳು ಈ ಬಾಗಿಲು ತೆರೆದಿರಲಿಲ್ಲ.

ಮೊಳೆಗೆ ನೀಲಿ ಕನ್ಸೋಲ್ ತಂತಿ ತೂಗುತ್ತಿತ್ತು. ಅದರ ಮೇಲೆ ಮಾತ್ರ ದೂಳಿರಲಿಲ್ಲ.

ಅವಳು ಅದನ್ನು ಮುಟ್ಟದೆ ನೋಡಿದಳು. ತಂತಿ ಸುತ್ತುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ಬಲಗೈಯವರು ಸುತ್ತಿದ್ದು ಒಂದು ದಿಕ್ಕಿಗೆ ತಿರುಗುತ್ತದೆ, ಎಡಗೈಯವರದು ಅದಕ್ಕೆ ವಿರುದ್ಧ. ಈ ಸುರುಳಿ ವಿರುದ್ಧವಾಗಿ ತಿರುಗಿತ್ತು. ತುದಿಯನ್ನು ಎರಡು ಸಲ ಒಳಗೆ ತೂರಿಸಿ ಬಿಗಿದಿತ್ತು.

ಆಸ್ಪತ್ರೆಯಲ್ಲಿ ತಂತಿ ಮುಟ್ಟುವವರಲ್ಲಿ ಎಡಗೈಯವಳು ತಂತಿಯಮ್ಮ ಒಬ್ಬಳೇ. ತುದಿಯನ್ನು ಎರಡು ಸಲ ತೂರಿಸುವ ಚಾಳಿಯೂ ಅವಳದೇ.

ಡ್ರಾಯರಿನಿಂದ ಪುಸ್ತಕ ತೆಗೆದು ಬುಧವಾರದ ಪುಟ ಬಿಡಿಸಿದಳು.

ಹನ್ನೆರಡೂ ಮೂವತ್ತೈದು. ಬೀರು. ತಂತಿಯಮ್ಮ.

ಅವಳು ಆ ಹೆಸರನ್ನು ಯಾವತ್ತೂ ಬರೆದವಳಲ್ಲ. ಸಹಿ ಹಾಕುವಾಗ ಹಾಜರಿ ಪುಸ್ತಕದ ಹೆಸರನ್ನೇ ಬರೆಯುತ್ತಿದ್ದಳು. ಆದರೆ ಈ ಬರಹ ಅವಳಿಗೆ ಅಪರಿಚಿತವಲ್ಲ. ಕೊನೆಯ ಅಕ್ಷರದ ಬಾಲವನ್ನು ಹೀಗೆ ಕೆಳಗೆ ಎಳೆದುಬಿಡುವ ಕೈಬರಹದ ಚೀಟಿಗಳದು ಅವಳ ಮನೆಯ ಡ್ರಾಯರಿನಲ್ಲಿ ಒಂದು ಕಟ್ಟೇ ಇದೆ. “ನಿಮ್ಮ ಹಾಲು ನಾನು ತಗೊಂಡಿಟ್ಟಿದ್ದೀನಿ.” “ನಾಳೆ ನೀರು ಬರಲ್ಲವಂತೆ, ತುಂಬಿಟ್ಟುಕೊಳ್ಳಿ.” ಆರು ವರ್ಷದಲ್ಲಿ ಬಾಗಿಲ ಕೆಳಗಿನಿಂದ ತೂರಿಬಂದ ಚೀಟಿಗಳನ್ನೆಲ್ಲ ಅವಳು ಎಸೆಯದೆ ಇಟ್ಟುಕೊಂಡಿದ್ದಳು.

ಸಿಸ್ಟರ್ ಬರಹ.

ಬುಧವಾರ ಹನ್ನೆರಡೂ ಮೂವತ್ತೈದಕ್ಕೆ ತಾನು ಎಲ್ಲಿದ್ದೆ? ಛಾವಣಿಯ ಮೇಲೆ, ಡಬ್ಬಿಯ ಮುಂದೆ. ನೋಡಿದವರು ಯಾರು? ಯಾರೂ ಇಲ್ಲ. ಒಬ್ಬರೇ ಉಣ್ಣುವವರಿಗೆ ಸಾಕ್ಷಿ ಇರುವುದಿಲ್ಲ.

ಇನ್ನೊಂದು ನೆನಪು ತಾನಾಗಿ ಬಂತು. ವಸತಿಗೃಹದ ತಾರಸಿ, ಸಂಜೆ, ಒಣಗಿದ ಬಟ್ಟೆ ತೆಗೆದು ಹಗ್ಗ ಸುತ್ತುತ್ತಿದ್ದಳು. ಸಿಸ್ಟರ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನೋಡುತ್ತಿದ್ದರು. “ನಿಮ್ಮ ಹಗ್ಗ ಎಲ್ಲರ ಹಗ್ಗಕ್ಕೂ ಉಲ್ಟಾ ಸುತ್ತುತ್ತೆ ನೋಡಿ. ಎಲ್ಲಿ ತೋರಿಸಿ, ನಾನೂ ಕಲೀತೀನಿ,” ಎಂದಿದ್ದರು. ಇವಳು ಕಲಿಸಿದ್ದಳು. ತುದಿಯನ್ನು ಎರಡು ಸಲ ತೂರಿಸುವುದನ್ನೂ. ಅವತ್ತು ಯಾರೋ ತನ್ನನ್ನು ಇಷ್ಟು ಗಮನಿಸುತ್ತಾರಲ್ಲ ಎಂದು ಅವಳಿಗೆ ಮನಸ್ಸು ತುಂಬಿ ಬಂದಿತ್ತು.

ವಿಚಾರಣೆಯ ಕೋಣೆಯ ಹೊರಗೆ ಉದ್ದನೆಯ ಮರದ ಬೆಂಚು. ಅದರ ಒಂದು ತುದಿಯಲ್ಲಿ ಸಿಸ್ಟರ್ ಕೂತಿದ್ದರು. ಇಸ್ತ್ರಿ ಮಾಡಿದ ಸಮವಸ್ತ್ರ, ಮಡಿಲಲ್ಲಿ ಕೈ. ಐದಕ್ಕೆ ಹತ್ತು ನಿಮಿಷ ಇತ್ತು.

ತಂತಿಯಮ್ಮ ಪುಸ್ತಕವನ್ನು ಎಡಗೈಯಲ್ಲಿ ಹಿಡಿದುಕೊಂಡು ಅವರ ಮುಂದೆ ನಿಂತಳು.

ಸಿಸ್ಟರ್ ಪುಸ್ತಕ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಬೆಚ್ಚಿಬೀಳಲಿಲ್ಲ.

“ಬಂದ್ಯಾ,” ಎಂದರು. ಆರು ವರ್ಷದಲ್ಲಿ ಅವರು ಅವಳನ್ನು ‘ನೀನು’ ಎಂದದ್ದು ಅದೇ ಮೊದಲು. “ನೀನು ಬಂದೇ ಬರ್ತೀಯ ಅಂತ ಒಳಗೆ ಹೇಳಿದ್ದೀನಿ.”

“ರೂಟರಿನ ಹಲೋ ಬದಲಿಸೋದು ನಿಮಗೆ ಬರೋ ಕೆಲಸ ಅಲ್ಲ. ಯಾರಿಗೆ ಕೊಟ್ರಿ ಸಿಸ್ಟರ್, ಬೀಗದ ಕೈ?”

ಸಿಸ್ಟರ್ ಬಾಯಿ ತೆರೆದರು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಜವಾನ ತಲೆ ಹೊರಗೆ ಹಾಕಿದ.

“ತಂತಿಯಮ್ಮ, ಮೊದಲು ನಿಮ್ಮನ್ನೇ ಕರೀತಿದ್ದಾರೆ. ಬೀಗದ ಕೈ ಪುಸ್ತಕಾನೂ ತರಬೇಕಂತೆ.”

ಪುಸ್ತಕದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಕೋಟುವಿಗೂ ಹೇಳಿರಲಿಲ್ಲ. ಅದರಲ್ಲಿ ತನ್ನ ಹೆಸರಿದೆ ಎಂದು ಒಳಗಿನವರಿಗೆ ಮೊದಲೇ ಯಾರೋ ತಿಳಿಸಿದ್ದರು.

ಸಿಸ್ಟರ್ ತೆರೆದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅದು ಯಾವುದಕ್ಕೆಂದು ಹೇಳಲು ಬರುವಂತಿರಲಿಲ್ಲ. ಬೆರಳ ಗೆಣ್ಣಿನಿಂದ ಬೆಂಚಿನ ಮರವನ್ನು ಮೆಲ್ಲಗೆ ಎರಡು ಸಲ ತಟ್ಟಿದರು.

ತಂತಿಯಮ್ಮನ ಬಲಗೈ ತಾನಾಗಿ ಗೋಡೆಯ ಕಡೆ ಎದ್ದಿತು. ಅವಳು ಅದನ್ನು ಕೆಳಗಿಳಿಸಿದಳು. ಆರು ವರ್ಷದಲ್ಲಿ ಮೊದಲ ಸಲ, ತಿರುಗಿ ತಟ್ಟದೆ ಒಳಗೆ ಹೋದಳು.